ದುರಾಸೆ ಎಂಬ ಸುಲಭದ ಉತ್ತರ

ಹೊರಮಾವಿನ ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ಕೆಳಗಿನ ಅಂತಸ್ತು ಕಟ್ಟಿಸಿದರು. ಮಗಳ ಮದುವೆಗೆ ಸಾಲ ಮಾಡಿದರು. ಮೇಲಿನ ಅಂತಸ್ತಿಗೆಂದು ಬಿಟ್ಟ ಕಂಬಿಗಳು ಬಿಸಿಲು ಮಳೆಗೆ ತುಕ್ಕು ಹಿಡಿಯುತ್ತ ನಿಂತಿದ್ದವು. 2012ರಲ್ಲಿ, ಮಗ ಮಾಡಿಕೊಟ್ಟಿದ್ದ ಇ-ಮೇಲ್ ವಿಳಾಸಕ್ಕೆ ಒಂದು ಪತ್ರ ಬಂತು. ಹೆಸರಾಂತ ತಂಪು ಪಾನೀಯ ಕಂಪನಿಯೊಂದು ಲಂಡನ್ನಿನಲ್ಲಿ ನಡೆಸಿದ ಲಕ್ಕಿ ಡ್ರಾದಲ್ಲಿ ಅವರಿಗೆ 5 ಲಕ್ಷ ಪೌಂಡ್ ಬಹುಮಾನ ಬಂದಿದೆಯಂತೆ.

ಕೊರಿಯರ್ ಖರ್ಚಿಗೆಂದು 18,500 ರೂಪಾಯಿ ಕಟ್ಟಿದರು. ಕಸ್ಟಮ್ಸ್‌ನವರು ತಡೆದಿದ್ದಾರೆ ಎಂದು 46,000 ಕೇಳಿದರು, ಅದನ್ನೂ ಕಟ್ಟಿದರು. ಈ ಹಣ ಭಯೋತ್ಪಾದಕರದ್ದಲ್ಲ ಎಂಬ ಪ್ರಮಾಣಪತ್ರಕ್ಕೆ 82,000. (ಅಂಥದೊಂದು ಪ್ರಮಾಣಪತ್ರ ನಿಜವಾಗಿಯೂ ಎಲ್ಲಾದರೂ ಸಿಗುವುದಾದರೆ ನಮ್ಮ ಸಮುದಾಯದ ಹುಡುಗರು ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು.) ಕೊನೆಗೆ ರಿಸರ್ವ್ ಬ್ಯಾಂಕಿನ ಮುದ್ರೆ ಹೊತ್ತ ಪತ್ರ ಬಂದು ತೆರಿಗೆಯ ಲೆಕ್ಕದಲ್ಲಿ 1,10,000 ಹೋಯಿತು. ಐದನೆಯ ಸಲ 2 ಲಕ್ಷ ಕೇಳಿದಾಗ ಅವರ ಬಳಿ ಇರಲಿಲ್ಲ. ಇದ್ದಿದ್ದರೆ ಕಟ್ಟಿಬಿಡುತ್ತಿದ್ದೆ ಎಂದು ಅವರೇ ಹೇಳುತ್ತಾರೆ. ಒಟ್ಟು 2,56,500 ರೂಪಾಯಿ.

ಸುದ್ದಿ ಬೀದಿಗೆ ಗೊತ್ತಾದಾಗ ಪ್ರತಿಯೊಬ್ಬರೂ ಒಂದೇ ಮಾತು ಹೇಳಿದರು: "ಈ ವಯಸ್ಸಿನಲ್ಲಿ ಇಷ್ಟು ದುರಾಸೆಯೇ?" ನಾನೂ ಹೇಳಿದೆ, ಅವರ ಮುಖದ ಮೇಲೆ ಅಲ್ಲ, ಮನೆಗೆ ಬಂದು ನನ್ನ ಹೆಂಡತಿಯ ಬಳಿ. ಕೆಲವು ದಿನ ಬಿಟ್ಟು ಅವರು ಪತ್ರಗಳನ್ನೆಲ್ಲ ಮುದ್ರಿಸಿ, ಪಂಚ್ ಮಾಡಿ, ಒಂದು ನೀಲಿ ಫೈಲಿನಲ್ಲಿ ಜೋಡಿಸಿಕೊಂಡು ನಮ್ಮ ಮನೆಗೆ ಬಂದರು. ಮೇಜಿನ ಮೇಲಿಟ್ಟು ಕೇಳಿದರು: "ಭಾಯ್, ನೀವು ಓದಿದವ್ರು. ಇದ್ರಲ್ಲಿ ಸುಳ್ಳು ಎಲ್ಲಿದೆ ಅಂತ ತೋರ್ಸಿ ನೋಡೋಣ."

ನಾನು ತೋರಿಸಲು ಹೊರಟೆ. ರಿಸರ್ವ್ ಬ್ಯಾಂಕು ಯಾವ ವ್ಯಕ್ತಿಯ ಖಾತೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದೆ. ಅವರು ಕೇಳಿದರು, "ಅದು ನಂಗೆ ಹೇಗೆ ಗೊತ್ತಾಗ್ಬೇಕು?" ಬಹುಮಾನ ಕೊಡುವವರು ಮೊದಲು ಹಣ ಕೇಳುತ್ತಾರೆಯೇ ಎಂದೆ. ಅವರು ನಕ್ಕರು. "ಯಾರು ಕೇಳಲ್ಲ ಹೇಳಿ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸುತ್ತ ಹೋದ ಹಾಗೆ, ದುರಾಸೆಯ ಸಿದ್ಧಾಂತವೇ ಒಂದು ದೊಡ್ಡ ಸುಳ್ಳು ಎಂದು ನನಗೆ ಅನ್ನಿಸತೊಡಗಿದೆ. ಮೋಸ ಮಾಡಿದವನಿಗೂ, ಮೋಸದ ಹಣ ದಾಟಿಸಿದ ಬ್ಯಾಂಕಿಗೂ, ದೂರು ತೆಗೆದುಕೊಳ್ಳದ ಪೊಲೀಸರಿಗೂ, ದೂರದಲ್ಲಿ ನಿಂತು ನೋಡಿದ ನಮಗೂ ಏಕಕಾಲಕ್ಕೆ ಅನುಕೂಲವಾಗುವ ಸುಳ್ಳು ಅದು. ಅನುಕೂಲವಾಗದಿರುವುದು ಒಬ್ಬನಿಗೆ ಮಾತ್ರ.

ಬೆಂಗಳೂರಿನಲ್ಲಿ ಬದುಕು ಆರಂಭವಾಗುವುದೇ ಅಡ್ವಾನ್ಸಿನಿಂದ. ಬಾಡಿಗೆ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಚಿತವಾಗಿ ಕೊಡುವುದು ಈ ಊರಿನ ಪದ್ಧತಿ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿತು, ಆದರೆ ಟು ಲೆಟ್ ಬೋರ್ಡಿನ ಕೆಳಗೆ ನಿಂತು ಆ ಕಾಯ್ದೆಯ ಮಾತೆತ್ತಿದವನಿಗೆ ಮನೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ನಿವೇಶನಕ್ಕೆ ಟೋಕನ್ ಅಡ್ವಾನ್ಸ್, ಶಾಲೆಗೆ ಡೊನೇಷನ್, ಆಸ್ಪತ್ರೆಯಲ್ಲಿ ಮೊದಲು ಕೌಂಟರಿನಲ್ಲಿ ಕಟ್ಟಿ ಬನ್ನಿ, ಸಾಲಕ್ಕೆ ಪ್ರೊಸೆಸಿಂಗ್ ಫೀ, ನೌಕರಿಯ ಅರ್ಜಿಗೆ ಶುಲ್ಕ. ಕಟ್ಟಿದ ಮೇಲೆ ಕಾಯಬೇಕು. ಕಾಯುವಾಗ ಇನ್ನೊಂದು ಕಾಗದ ಬೇಕು ಎನ್ನುತ್ತಾರೆ, ಅದಕ್ಕೆ ಇನ್ನೊಂದು ಶುಲ್ಕ. ಏಕೆ ಎಂದು ಕೇಳಿದರೆ ರೂಲ್ಸ್ ಎನ್ನುತ್ತಾರೆ.

ಸರಕಾರಿ ಸಂಸ್ಥೆಯಾದರೆ ಬೇರೆಯೇ ಎನ್ನುವಿರಾ? ನಮಗೆ ಹತ್ತಿರದಲ್ಲೇ, ಹೆಣ್ಣೂರು ಥಣಿಸಂದ್ರದ ಆಸುಪಾಸಿನ ಹಳ್ಳಿಗಳ ಜಮೀನಿನಲ್ಲಿ ಬಿಡಿಎ ಅರ್ಕಾವತಿ ಬಡಾವಣೆ ಮಾಡಲು ಹೊರಟದ್ದು 2003ರಲ್ಲಿ. 2006ರಲ್ಲಿ ನಿವೇಶನಗಳ ಹಂಚಿಕೆಯಾಯಿತು. ಭೂಸ್ವಾಧೀನದ ವ್ಯಾಜ್ಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ 2010ರಲ್ಲಿ ತೀರ್ಪು ಬಂತು. ಆ ಮೇಲೂ ಡಿನೋಟಿಫಿಕೇಷನ್ ಗಲಾಟೆ, ವಿಚಾರಣಾ ಆಯೋಗ. ಹಣ ಕಟ್ಟಿ ಹಂಚಿಕೆ ಪತ್ರ ಹಿಡಿದುಕೊಂಡವರಲ್ಲಿ ಎಷ್ಟೋ ಮಂದಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿವೇಶನದ ಮುಖ ಕಾಣದೆ ಓಡಾಡಿದರು. ಅವರ ಕೈಯಲ್ಲಿದ್ದ ಕಾಗದ ಸುಳ್ಳಲ್ಲ, ಮುದ್ರೆ ಸುಳ್ಳಲ್ಲ, ಕಟ್ಟಿದ ಹಣವೂ ಸರಿಯಾದ ಕಡೆಗೇ ಹೋಗಿತ್ತು. ಸಿಗಬೇಕಾದದ್ದು ಮಾತ್ರ ಸಿಗಲಿಲ್ಲ. ಇಂಥ ಊರಿನಲ್ಲಿ ನಲವತ್ತು ವರ್ಷ ಬದುಕಿದವನು, ಹಣ ಕಟ್ಟಿದ ಮೇಲೂ ಸಾಮಾನು ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಇದು ಮೋಸ ಎಂದು ಹೇಗೆ ತೀರ್ಮಾನಿಸಬೇಕು?

ಬಹುಮಾನದ ತೆರಿಗೆಯನ್ನು ಬಹುಮಾನ ಕೈಗೆ ಬರುವ ಮೊದಲೇ ಕೇಳುವುದು ಹಾಸ್ಯಾಸ್ಪದವಲ್ಲವೇ ಎಂದು ನಾನು ಹಿರಿಯರನ್ನು ಕೇಳಿದ್ದೆ. ಆಮೇಲೆ ಪರಿಚಯದ ತೆರಿಗೆ ಸಲಹೆಗಾರರೊಬ್ಬರು ನನ್ನನ್ನೇ ತಿದ್ದಿದರು. 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಕಲಮಿನ ಪ್ರಕಾರ ಲಾಟರಿ ಹಣದಲ್ಲಿ ತೆರಿಗೆ ಮುರಿದುಕೊಂಡೇ ಕೊಡಬೇಕಿತ್ತು. ಬಹುಮಾನ ಹಣವಾಗಿರದೆ ಕಾರಿನಂಥ ವಸ್ತುವಾಗಿದ್ದರೆ, ತೆರಿಗೆ ಸಂದಾಯವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಬಿಟ್ಟುಕೊಡಬೇಕಿತ್ತು. ಎಂದರೆ ಮೊದಲು ತೆರಿಗೆ, ಆಮೇಲೆ ಬಹುಮಾನ ಎಂಬುದು ವಂಚಕರ ಕಲ್ಪನೆಯಲ್ಲ. ನಮ್ಮ ಕಾನೂನಿನಲ್ಲೇ ಇದ್ದದ್ದನ್ನು ಅವರು ಎತ್ತಿಕೊಂಡು ತಮ್ಮ ಪತ್ರಕ್ಕೆ ಅಂಟಿಸಿಕೊಂಡಿದ್ದರು, ಅಷ್ಟೇ.

ಇನ್ನು ಪತ್ರದ ಭಾಷೆ. ಈ ಪತ್ರಗಳ ಇಂಗ್ಲಿಷ್ ಎಷ್ಟು ಕೆಟ್ಟದಾಗಿರುತ್ತದೆ, ಓದಿದ ತಕ್ಷಣ ಗೊತ್ತಾಗುವುದಿಲ್ಲವೇ ಎಂದು ಇಂಗ್ಲಿಷ್ ಬಲ್ಲವರು ನಗುತ್ತಾರೆ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕಾರ್ಮಾಕ್ ಹರ್ಲಿ ಎಂಬವರು 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಜಾಣ ವಿವರಣೆ ಕೊಟ್ಟರು. ಪತ್ರ ಬೇಕೆಂದೇ ನಂಬಲಾಗದ ಹಾಗಿರುತ್ತದೆ. ಜಾಣರು ಮೊದಲೇ ನಕ್ಕು ಬಿಟ್ಟುಬಿಡುತ್ತಾರೆ, ಉತ್ತರ ಬರೆಯುವವರು ಕೊನೆಯವರೆಗೂ ಬರುವವರೇ ಆಗಿರುತ್ತಾರೆ, ವಂಚಕನ ಸಮಯ ಉಳಿಯುತ್ತದೆ. ಲೆಕ್ಕಾಚಾರ ಸರಿಯಿರಬಹುದು. ಆದರೆ ಅದು ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದವರ ಲೆಕ್ಕ. ನಮ್ಮ ಹಿರಿಯರಿಗೆ ಆ ಪತ್ರದ ಇಂಗ್ಲಿಷಿಗೂ ಅವರ ಗೃಹಸಾಲದ ಕರಾರುಪತ್ರದ ಇಂಗ್ಲಿಷಿಗೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಅರ್ಥವಾಗುವುದಿಲ್ಲ, ಎರಡರಲ್ಲೂ ದೊಡ್ಡ ಅಕ್ಷರದ ತಲೆಬರಹವಿದೆ, ಎರಡರ ಕೆಳಗೂ ಮುದ್ರೆಯಿದೆ. ಬ್ಯಾಂಕಿನಲ್ಲಿ ಪೆನ್ಸಿಲಿನಿಂದ ಅಡ್ಡಗೀಟು ಹಾಕಿದ ಕಡೆಯೆಲ್ಲ ಸಹಿ ಮಾಡಿ ಎಂದರು, ಮಾಡಿದರು. ಒಂದೂ ಓದಲಿಲ್ಲ, ಓದಲು ಯಾರೂ ಬಿಡಲೂ ಇಲ್ಲ. ನಲವತ್ತು ಪುಟಗಳಿಗೆ ಓದದೆ ಸಹಿ ಹಾಕುವುದನ್ನು ಜನರಿಗೆ ಕಲಿಸಿದವರು, ನಾಲ್ಕು ಸಾಲಿನ ಇ-ಮೇಲನ್ನು ಏಕೆ ಎಚ್ಚರದಿಂದ ಓದಲಿಲ್ಲ ಎಂದು ಕೇಳುವುದು ಯಾವ ನ್ಯಾಯ? ಕನ್ನಡದಲ್ಲಿ ಬರುವ ಸರಕಾರಿ ಪತ್ರದ ಸ್ಥಿತಿಯೂ ಅಷ್ಟೆ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖದನ್ವಯ" ಎಂದು ಆರಂಭವಾದ ಪತ್ರದಲ್ಲಿ ನಮಗೆ ಸಿಗುವುದಿದೆಯೋ ನಾವು ಕೊಡಬೇಕಿದೆಯೋ ಎಂದು ತಿಳಿಯಲು ಅದನ್ನು ಎರಡು ಸಲ ಓದಬೇಕು.

ಪತ್ರ ಹೊಸದಾಗಿರಬಹುದು, ಕಸುಬು ಹಳೆಯದು. ಕಳ್ಳನಾಗಿದ್ದು ಆಮೇಲೆ ಪ್ಯಾರಿಸ್ಸಿನ ಪತ್ತೇದಾರಿ ಪಡೆಯ ಮುಖ್ಯಸ್ಥನಾದ ವಿಡೋಕ್ ಎಂಬವನು 1828ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ "ಜೆರುಸಲೇಮ್ ಪತ್ರ"ಗಳ ಬಗ್ಗೆ ಬರೆದಿದ್ದಾನೆ. ಸೆರೆಮನೆಯ ಕೈದಿಗಳು ಊರಿನ ಶ್ರೀಮಂತರಿಗೆ, ತಾವು ಓಡಿಬರುವಾಗ ಹೂತಿಟ್ಟ ಒಡವೆಯ ಪೆಟ್ಟಿಗೆಯೊಂದಿದೆ, ಅದನ್ನು ತೆಗೆಯಲು ಸ್ವಲ್ಪ ಹಣ ಕಳಿಸಿ ಎಂದು ಬರೆಯುತ್ತಿದ್ದರಂತೆ. ನೂರು ಪತ್ರಕ್ಕೆ ಇಪ್ಪತ್ತು ಉತ್ತರ ಬರುತ್ತಿತ್ತು ಎನ್ನುತ್ತಾನೆ. ನಮ್ಮಲ್ಲಿಯೂ ಇದಕ್ಕೇನೂ ಕೊರತೆಯಿಲ್ಲ. ಅಕ್ಕಿಕಾಳನ್ನು ಎಳೆದುಕೊಳ್ಳುವ ತಾಮ್ರದ ಚೊಂಬು ಇದೆ, ಕೋಟಿಗಟ್ಟಲೆ ಬೆಲೆ ಬಾಳುತ್ತದೆ, ವಿಜ್ಞಾನಿಗಳಿಂದ ಪರೀಕ್ಷೆ ಮಾಡಿಸಲು ಮೊದಲು ಇಷ್ಟು ಲಕ್ಷ ಬೇಕು ಎಂಬ "ರೈಸ್ ಪುಲ್ಲಿಂಗ್" ದಂಧೆಯಲ್ಲಿ ಬೆಂಗಳೂರಿನ ವಿದ್ಯಾವಂತ ವ್ಯಾಪಾರಿಗಳೂ ಸಿಕ್ಕಿಬಿದ್ದಿದ್ದಾರೆ. ಈ ವಂಚನೆಗೆ ಅಂಚೆ ಬಂದಾಗ ಅಂಚೆ ಸಾಕಾಯಿತು, ಫ್ಯಾಕ್ಸ್ ಬಂದಾಗ ಫ್ಯಾಕ್ಸ್, ಆಮೇಲೆ ಇ-ಮೇಲ್, ಈಗ ವಾಟ್ಸಾಪ್.

ಇಷ್ಟಕ್ಕೂ ದುರಾಸೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಳೆಯ ಕಾಲದ ಪತ್ರಗಳಲ್ಲಿ ಇತ್ತು. ಸತ್ತ ಮಂತ್ರಿಯ ಲೂಟಿ ಹಣ ಬ್ಯಾಂಕಿನಲ್ಲಿದೆ, ನಿಮ್ಮ ಖಾತೆಯ ಮೂಲಕ ಹೊರತೆಗೆದರೆ ನಿಮಗೆ ಮೂವತ್ತು ಶೇಕಡಾ ಎಂಬ ಪತ್ರಕ್ಕೆ ಒಪ್ಪಿದವನು ಕಳ್ಳತನದಲ್ಲಿ ಪಾಲು ಕೇಳಿದವನೇ. ಅಂಥವರಲ್ಲಿ ಅತಿ ದೊಡ್ಡವನು ಬಡವನಲ್ಲ, ಹಳ್ಳಿಯವನಲ್ಲ. ಬ್ರೆಜಿಲ್‌ನ ಬ್ಯಾಂಕೋ ನೊರೊಯೆಸ್ಟೆ ಎಂಬ ಬ್ಯಾಂಕಿನ ಉನ್ನತ ಅಧಿಕಾರಿ 1995ರಿಂದ 1998ರ ನಡುವೆ, ನೈಜೀರಿಯಾದ ಅಬುಜಾದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟಲಾಗುತ್ತಿದೆ ಎಂದು ನಂಬಿ ತನ್ನ ಬ್ಯಾಂಕಿನ 24 ಕೋಟಿ 20 ಲಕ್ಷ ಡಾಲರ್ ಕಳಿಸಿಕೊಟ್ಟ. ಅವನಿಗೆ ಹೇಳಿದ್ದು ಒಂದು ಕೋಟಿ ಡಾಲರ್ ಕಮಿಷನ್. ವಿಮಾನ ನಿಲ್ದಾಣ ಎಲ್ಲಿಯೂ ಇರಲಿಲ್ಲ. ಮುಖ್ಯ ಆರೋಪಿ ಇಮ್ಯಾನುಯೆಲ್ ನ್ವುಡೆಗೆ ನೈಜೀರಿಯಾದ ನ್ಯಾಯಾಲಯ 2005ರಲ್ಲಿ ಶಿಕ್ಷೆ ವಿಧಿಸಿತು. ಆಸೆ ಎಂದರೆ ಇದು. ಕುತೂಹಲದ ಸಂಗತಿಯೆಂದರೆ, ಇದನ್ನು ಯಾರೂ ಬ್ಯಾಂಕರುಗಳ ದುರಾಸೆ ಎಂದು ಕರೆಯಲಿಲ್ಲ. ಆ ಪದವನ್ನು 18,500 ಕಟ್ಟಿದವರಿಗೆಂದೇ ಮೀಸಲಿಟ್ಟಿದ್ದೇವೆ.

ಇಂದಿನ ಪತ್ರಗಳನ್ನು ನೋಡಿ. ಅವು ನಿಧಿ ತೋರಿಸುವುದಿಲ್ಲ, ಅಗತ್ಯ ತೋರಿಸುತ್ತವೆ. ಕೆನಡಾದಲ್ಲಿ ನರ್ಸ್ ಕೆಲಸ, ವೀಸಾ ಶುಲ್ಕ ಕಳಿಸಿ. ಮದುವೆ ವೆಬ್‌ಸೈಟಿನಲ್ಲಿ ಪರಿಚಯವಾದ ವೈದ್ಯ ಕಳಿಸಿದ ಉಡುಗೊರೆ ದೆಹಲಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಿದೆ, ಸುಂಕ ಕಟ್ಟಿ ಬಿಡಿಸಿಕೊಳ್ಳಿ. ಐದು ಲಕ್ಷ ಸಾಲ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಮಾತ್ರ ಮೊದಲು. ಸಾಲ ಕೇಳುವುದು ದುರಾಸೆಯೇ? 2006ರ ಸಾಚಾರ್ ವರದಿ, ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ನಕಾರಾತ್ಮಕ ವಲಯಗಳೆಂದು ಗುರುತಿಸಿ ಅಲ್ಲಿಗೆ ಸಾಲ ಕೊಡಲು ಹಿಂಜರಿಯುತ್ತವೆ ಎಂದು ದಾಖಲಿಸಿತ್ತು. ಶಿವಾಜಿನಗರದ ಗುಜರಿ ವ್ಯಾಪಾರಿಗೆ, ಟ್ಯಾನರಿ ರಸ್ತೆಯ ಹೊಲಿಗೆಯವನಿಗೆ, ಆಟೋ ಓಡಿಸುವವನಿಗೆ ಬ್ಯಾಂಕು ಇಂದು ಹೋಗಿ ನಾಳೆ ಬಾ ಎನ್ನುತ್ತದೆ. ಅದೇ ಹೊತ್ತಿಗೆ, ನಿಮ್ಮ ಅರ್ಜಿ ಸ್ವೀಕೃತವಾಗಿದೆ ಎಂಬ ಒಂದು ಸಂದೇಶ ಬರುತ್ತದೆ. ಬಹುಶಃ ಅವನ ಬದುಕಿನಲ್ಲಿ ಯಾವುದೋ ಸಂಸ್ಥೆ ಅವನಿಗೆ "ಆಯಿತು" ಎಂದದ್ದು ಅದೇ ಮೊದಲು. ಅವನು ಐದು ಸಾವಿರ ಕಟ್ಟುತ್ತಾನೆ.

ನಮ್ಮವರ ಕುರಿತೂ ಒಂದು ಮಾತು ಹೇಳಲೇಬೇಕು. 2019ರ ಜೂನ್ ತಿಂಗಳಲ್ಲಿ ಐಎಂಎ ಕುಸಿದು, ಮಾಲೀಕ ದುಬೈಗೆ ಓಡಿಹೋದಾಗ ಶಿವಾಜಿನಗರದಲ್ಲಿ ದೂರು ಕೊಡಲು ನಿಂತ ಸಾಲುಗಳನ್ನು ನೋಡಿದ್ದೇವೆ. ದೂರುಗಳ ಸಂಖ್ಯೆ 40 ಸಾವಿರ ದಾಟಿತು. ಅದು ಮುಂಗಡ ಶುಲ್ಕದ ವಂಚನೆಯಲ್ಲ, ಒಬ್ಬನ ಠೇವಣಿಯಿಂದ ಇನ್ನೊಬ್ಬನಿಗೆ ಲಾಭ ಹಂಚುವ ಬೇರೆ ಜಾತಿಯದು. ಆದರೆ ನಂಬಿಕೆಯ ಕೆಲಸ ಒಂದೇ. ಹಲಾಲ್ ಎಂಬ ಪದ, ಗಡ್ಡ ಬಿಟ್ಟವರ ಶಿಫಾರಸು, ಸಮುದಾಯದ ಶಾಲೆಗೆ ಕೊಟ್ಟ ದೇಣಿಗೆ, ಇವೆಲ್ಲ ಅಲ್ಲಿ ರಿಸರ್ವ್ ಬ್ಯಾಂಕಿನ ಮುದ್ರೆಯ ಕೆಲಸ ಮಾಡಿದವು. ಸಾಲಿನಲ್ಲಿ ನಿಂತ ವಿಧವೆಯರನ್ನು ನೋಡಿ, ಬಡ್ಡಿಯನ್ನು ಹಲಾಲ್ ಮಾಡಿಕೊಳ್ಳಲು ಹೋದವರಿಗೆ ಇದೇ ಆಗಬೇಕು ಎಂದು ಉಪದೇಶ ಮಾಡಿದವರಲ್ಲಿ ನಿನ್ನೆಯವರೆಗೆ ಅದೇ ಕಂಪನಿಯ ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರೂ ಇದ್ದರು. ಆರು ತಿಂಗಳು ಕಳೆದು 2020ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಿಂತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಆದೇಶಿಸಿತು. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ನಿವೃತ್ತರು, ಹಿರಿಯ ನಾಗರಿಕರು. ಅವರನ್ನು ಕೂಡಿಸಿದ್ದು ಬೇರೊಂದು ಹೆಸರು, ಬೇರೊಂದು ಭಕ್ತಿ. ಊರಿನ ಆ ತುದಿಯಲ್ಲಿಯೂ ಈ ತುದಿಯಲ್ಲಿಯೂ ಜನ ತಮ್ಮವರ ಮೇಲೆ ಇಟ್ಟ ವಿಶ್ವಾಸವನ್ನೇ ಕಳೆದುಕೊಂಡರು.

ಇ-ಮೇಲ್ ವಂಚನೆಗೆ ಮರಳೋಣ. ನಮ್ಮ ಹಿರಿಯರು 46,000 ಕಟ್ಟಿದ್ದು ಹೇಗೆ? ಗುಟ್ಟಾಗಿ ಯಾವ ಕತ್ತಲೆಯಲ್ಲೂ ಅಲ್ಲ. ಬ್ಯಾಂಕಿಗೆ ಹೋಗಿ, ಟೋಕನ್ ಪಡೆದು, ಫಾರಂ ತುಂಬಿ, ಕೌಂಟರಿನಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದರು. ಫಾರಂನಲ್ಲಿ ಹಣ ಪಡೆಯುವವರ ಹೆಸರು ಬರೆಯುವ ಜಾಗವಿತ್ತು. ಶುದ್ಧವಾಗಿ ಬರೆದರು. ಆ ಹೆಸರನ್ನು ಯಾರೂ ಓದುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ವಿದ್ಯುನ್ಮಾನ ವರ್ಗಾವಣೆಯಲ್ಲಿ ಖಾತೆ ಸಂಖ್ಯೆಯನ್ನಷ್ಟೇ ನೋಡಿ ಹಣ ಜಮಾ ಮಾಡಬಹುದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಸುತ್ತೋಲೆ ಹೊರಡಿಸಿತ್ತು. ಕಳಿಸುವ ಮೊದಲು ಪಡೆಯುವವರ ಹೆಸರು ನೋಡಿಕೊಳ್ಳುವ ಸೌಲಭ್ಯವನ್ನು ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಿಗೆ ಕೊಡಬೇಕು ಎಂದು ಬ್ಯಾಂಕುಗಳಿಗೆ ಗಡುವು ಹಾಕಿದ್ದು 2025ರ ಏಪ್ರಿಲ್ 1ಕ್ಕೆ. ಹದಿನೈದು ವರ್ಷ! ಈ ಹದಿನೈದು ವರ್ಷ ಜನರಿಗೆ ಎಚ್ಚರಿಕೆಯ ಜಾಹೀರಾತುಗಳನ್ನು ಮಾತ್ರ ಧಾರಾಳವಾಗಿ ಕೊಟ್ಟರು.

ಅತ್ತ ಕಡೆಯ ಖಾತೆ ಯಾರದ್ದು? ಬಹುತೇಕ ಸಂದರ್ಭಗಳಲ್ಲಿ ವಂಚಕನದ್ದಲ್ಲ. ಐದೋ ಹತ್ತೋ ಸಾವಿರಕ್ಕೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಕೊಟ್ಟುಬಿಟ್ಟ ಯಾವನೋ ಕಟ್ಟಡ ಕಾರ್ಮಿಕನದ್ದು, ಕಾಲೇಜು ಹುಡುಗನದ್ದು. ಇವಕ್ಕೆ ಈಗ ಮ್ಯೂಲ್ ಖಾತೆ ಎನ್ನುತ್ತಾರೆ, ಹೊರೆ ಹೊರುವ ಹೇಸರಗತ್ತೆಯ ಹೆಸರು. ವಿಧವಾ ಪಿಂಚಣಿಗೆ ಖಾತೆ ತೆರೆಯಲು ಹೋದ ನಮ್ಮ ಮನೆ ಕೆಲಸದವಳನ್ನು ವಿಳಾಸದ ಪುರಾವೆಗಾಗಿ ಮೂರು ಸಲ ತಿರುಗಿಸಿದ ವ್ಯವಸ್ಥೆಯಲ್ಲಿ ಈ ಹೇಸರಗತ್ತೆಗಳು ಸಾಲುಗಟ್ಟಿ ಒಳಗೆ ಹೋಗಿದ್ದು ಹೇಗೆ? ಇಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ಇನ್ನೊವೇಷನ್ ಹಬ್, ಅದೂ ನಮ್ಮ ಬೆಂಗಳೂರಿನಲ್ಲೇ ಇರುವುದು, ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ರೂಪಿಸಿದೆ ಎಂದು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಸಂತೋಷ. ಆದರೆ ಅಷ್ಟು ವರ್ಷ ಆ ಖಾತೆಗಳ ಮೂಲಕ ಹರಿದ ಹಣಕ್ಕೆ ಯಾರು ಹೊಣೆ?

ಇಲ್ಲಿಯೇ ದುರಾಸೆಯ ಸಿದ್ಧಾಂತ ಬ್ಯಾಂಕುಗಳ ಕೈಹಿಡಿಯುತ್ತದೆ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ಕೆಲಸ ಮಾಡಿತು. ನಿಮ್ಮ ತಪ್ಪಿಲ್ಲದೆ ಮೂರನೆಯವರು ನಿಮ್ಮ ಖಾತೆಯಿಂದ ಹಣ ಲಪಟಾಯಿಸಿದರೆ, ಮೂರು ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ ಎಂದಿತು. ಆದರೆ ಆ ರಕ್ಷಣೆ ನೀವು ಒಪ್ಪಿಗೆ ಕೊಡದ ವ್ಯವಹಾರಗಳಿಗೆ. ನೀವೇ ನಂಬಿ ನಿಮ್ಮ ಕೈಯಾರೆ ಕಳಿಸಿದ್ದರೆ ಅದು ನಿಮ್ಮ ಕರ್ಮ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಬೇರೆ ನಿಯಮ ಬಂತು. ಮೋಸಕ್ಕೆ ಸಿಕ್ಕಿ ತಾನೇ ಹಣ ಕಳಿಸಿದವನಿಗೂ 85,000 ಪೌಂಡ್‌ವರೆಗೆ ಬ್ಯಾಂಕು ಮರಳಿಸಬೇಕು, ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ಅಲ್ಲಿಯ ಜನ ನಮಗಿಂತ ಕಡಿಮೆ ದುರಾಸೆಯವರು ಎಂದೇನಲ್ಲ. ಮೋಸದ ಖಾತೆ ತೆರೆದವನ ಜೇಬಿಗೂ ಬಿಸಿ ತಟ್ಟಬೇಕು ಎಂದು ಯಾರೋ ಯೋಚಿಸಿದರು. ನಮ್ಮ ಪ್ರಧಾನಿಗಳು 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಡಿಜಿಟಲ್ ಅರೆಸ್ಟ್ ವಂಚನೆಯ ಬಗ್ಗೆ ಮಾತನಾಡುತ್ತ, ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂದರು. ತಪ್ಪಿಲ್ಲ. ಆದರೆ ನಿಲ್ಲುವುದು ನಾವು, ಯೋಚಿಸುವುದು ನಾವು, ಕ್ರಮವೂ ನಮ್ಮದೇ ಎಂದಾದರೆ ಉಳಿದವರ ಕೆಲಸವೇನು?

ಪೊಲೀಸರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ ಎಂದು ಹೆಮ್ಮೆಪಡುತ್ತೇವೆ. 2019ರಲ್ಲಿ ನಗರದ ಸೈಬರ್ ಠಾಣೆಯೊಂದರಲ್ಲೇ ದೂರುಗಳು ಹತ್ತು ಸಾವಿರದ ಹತ್ತಿರ ಬಂದ ಮೇಲೆ ವಿಭಾಗಕ್ಕೊಂದು ಸಿಇಎನ್ ಠಾಣೆಗಳಾದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಮಹಾನಗರಗಳ ಪೈಕಿ 9,900ಕ್ಕೂ ಹೆಚ್ಚು ಪ್ರಕರಣಗಳೊಂದಿಗೆ ಬೆಂಗಳೂರು ಮೊದಲನೆಯದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೆಯ ಕಲಮಿನಂತೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಆ ಕಾಯ್ದೆಯ ತನಿಖೆ ಮಾಡುವಂತಿಲ್ಲ. ಲೆಕ್ಕ ನೀವೇ ಹಾಕಿ. ಹೀಗಿರುವಾಗ ಠಾಣೆಗೆ ಬಂದವನಿಗೆ "ನಿನಗೆ ಬುದ್ಧಿ ಬೇಡ್ವಾ?" ಎಂದು ಕೇಳಿ ಕಳಿಸಿಬಿಡುವುದು ಅತ್ಯಂತ ಅಗ್ಗದ ತನಿಖೆ. ಈಗ 1930 ಎಂಬ ಸಹಾಯವಾಣಿಯಿದೆ. ಹಣ ಹೋದ ಮೊದಲ ಗಂಟೆಗಳಲ್ಲಿ ಕರೆ ಮಾಡಿದರೆ ಅತ್ತ ಖಾತೆಯಲ್ಲೇ ಅದನ್ನು ತಡೆಯಲು ಸಾಧ್ಯ. ಆದರೆ ನಾಚಿಕೆಯಿಂದ ಕುಗ್ಗಿದವನು ಮೊದಲ ಗಂಟೆಯಲ್ಲಿ ಕರೆ ಮಾಡುವುದಿಲ್ಲ. ನಮ್ಮ ಹಿರಿಯರು ಹೆಂಡತಿಗೆ ಹೇಳಲು ನಾಲ್ಕು ತಿಂಗಳು ತೆಗೆದುಕೊಂಡರು. ಹಾಗೆ ಹೇಳದೆ ಉಳಿದ ದಿನಗಳಲ್ಲೇ ಮೂರನೆಯ, ನಾಲ್ಕನೆಯ ಕಂತು ಹೋದದ್ದು. ಐದನೆಯದನ್ನು ಕಟ್ಟಿದರೆ ಎಲ್ಲವೂ ವಾಪಸ್ ಬಂದು, ಯಾರಿಗೂ ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ ಎಂದುಕೊಂಡಿದ್ದರು. ದುರಾಸೆ ಇದ್ದದ್ದು ಮೊದಲ ಕಂತಿನಲ್ಲಿ ಎಂದೇ ಇಟ್ಟುಕೊಳ್ಳಿ. ಉಳಿದ 2,38,000 ರೂಪಾಯಿಯನ್ನು ಕಟ್ಟಿಸಿದ್ದು ನಮ್ಮ ನಾಲಿಗೆಯ ಭಯ.

ಈ ವಂಚನೆಯ ಮಾತು ಬಂದಾಗ ಹೊರಮಾವಿನಲ್ಲಿ ಇನ್ನೊಂದು ಸುಲಭದ ಉತ್ತರವೂ ಸಿದ್ಧವಿದೆ. "ನೈಜೀರಿಯಾದವರು" ಎನ್ನುತ್ತಾರೆ. ಈ ಕಡೆ, ಕೊತ್ತನೂರು, ಹೆಣ್ಣೂರು, ಕಮ್ಮನಹಳ್ಳಿಗಳಲ್ಲಿ ಆಫ್ರಿಕಾದ ವಿದ್ಯಾರ್ಥಿಗಳು ಬಹಳ ಕಾಲದಿಂದ ಇದ್ದಾರೆ. ಅವರಲ್ಲಿ ಕೆಲವರು ಇಂಥ ಪ್ರಕರಣಗಳಲ್ಲಿ ಬಂಧಿತರಾದದ್ದೂ ನಿಜ. ಈ ವಂಚನೆಗೆ ಲೋಕದಲ್ಲಿ ನಾಲ್ಕು ನೂರ ಹತ್ತೊಂಬತ್ತು ಎಂಬ ಹೆಸರು ಬಂದದ್ದೇ ನೈಜೀರಿಯಾದ ದಂಡಸಂಹಿತೆಯ 419ನೆಯ ಕಲಮಿನಿಂದ. ಆದರೆ ನಾವು ಬಹಳ ನಗಬೇಕಾಗಿಲ್ಲ. ನಮ್ಮ ಹಳೆಯ ದಂಡಸಂಹಿತೆಯ 420ನೆಯ ಕಲಮು ಎಷ್ಟು ಜನಪ್ರಿಯವಾಯಿತೆಂದರೆ 1955ರಲ್ಲಿ ರಾಜ್ ಕಪೂರ್ ಅದರ ಮೇಲೆ ಸಿನಿಮಾ ತೆಗೆದರು. 2024ರ ಜುಲೈಯಲ್ಲಿ ಹೊಸ ಸಂಹಿತೆ ಬಂದು ಆ ಅಪರಾಧ 318ನೆಯ ಕಲಮಿಗೆ ಹೋದರೂ ಬೀದಿಯಲ್ಲಿ ಮೋಸಗಾರ ಇನ್ನೂ ಫೋರ್ ಟ್ವೆಂಟಿಯೇ. ಜಾಮ್ತಾರಾ, ಮೇವಾತ್‌ಗಳ ಹುಡುಗರು ನೈಜೀರಿಯಾದವರಲ್ಲ.

ಒಬ್ಬನ ತಪ್ಪಿಗೆ ಒಂದು ಬಣ್ಣದವರೆಲ್ಲ ಉತ್ತರ ಕೊಡಬೇಕಾದರೆ ಏನಾಗುತ್ತದೆ ಎಂಬುದನ್ನು 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಬಳಿ ಕಂಡಿದ್ದೇವೆ. ಸುಡಾನಿನ ಒಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ಸತ್ತರು. ಆ ಮೇಲೆ ಅದೇ ದಾರಿಯಲ್ಲಿ ಬಂದ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಹೆಸರು ಕೇಳಿದೊಡನೆ "ಮನೆ ಖಾಲಿ ಇಲ್ಲ" ಎನ್ನಿಸಿಕೊಂಡ ಅನುಭವ ನಮ್ಮವರಲ್ಲಿ ಯಾರಿಗಿಲ್ಲ? ಆ ನೋವು ಗೊತ್ತಿದ್ದೂ ಮನೆ ಕಟ್ಟಿಸಿದ ನಮ್ಮದೇ ಕೆಲವರು ಆಫ್ರಿಕಾದ ಹುಡುಗರಿಗೆ ಅದೇ ಉತ್ತರ ಕೊಡುತ್ತಾರೆ, ಇಲ್ಲವೇ ಎರಡು ಪಟ್ಟು ಅಡ್ವಾನ್ಸ್ ಕೇಳುತ್ತಾರೆ. ಕೇಳಿದರೆ, ಪೇಪರಿನಲ್ಲಿ ಓದಲಿಲ್ಲವೇ ಎನ್ನುತ್ತಾರೆ.

ಪೇಪರಿನಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. 2025ರ ಮಾರ್ಚ್ ತಿಂಗಳಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಮಂದಿ ಭಾರತೀಯರನ್ನು ಥಾಯ್ಲೆಂಡಿನಿಂದ ಕರೆತಂದರು. ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಿಂದ ಬಿಡಿಸಿಕೊಂಡು ಬಂದವರು. ಒಳ್ಳೆಯ ಕೆಲಸ ಎಂದು ನಂಬಿ ಹೋದವರನ್ನು ಅಲ್ಲಿ ಕೂಡಿಹಾಕಿ ಕಂಪ್ಯೂಟರಿನ ಮುಂದೆ ಕೂರಿಸಿ ಜಗತ್ತಿನ ಜನರಿಗೆ ಮೋಸದ ಸಂದೇಶ ಬರೆಸುತ್ತಿದ್ದರು. ಇಂಥ ಕೆಲಸಕ್ಕೆ ಹೋಗಲು ಏಜೆಂಟನಿಗೆ ಮುಂಗಡ ತೆತ್ತವರೂ ಉಂಟು. ಅಂದರೆ ಮೋಸದ ಪತ್ರ ಬರೆದವನೇ ಮೊದಲು ಮೋಸದ ಪತ್ರಕ್ಕೆ ಹಣ ಕಟ್ಟಿದವನು. ಇವನಲ್ಲಿ ಎಷ್ಟು ದುರಾಸೆ, ಎಷ್ಟು ದೋಷ ಎಂದು ಯಾರು ಅಳೆಯುತ್ತಾರೆ?

ಹಿರಿಯರ ಮನೆಯ ಕಂಬಿಗಳು ಈಗಲೂ ಹಾಗೆಯೇ ಇವೆ. ನೀಲಿ ಫೈಲನ್ನು ಅವರು ಎಸೆದಿಲ್ಲ. ಕಳೆದ ವರ್ಷ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದರು. ಮನೆಯ ದಾಖಲೆಗೆ ಸಂಬಂಧಿಸಿದ ಒಂದು ಸಂದೇಶ ಬಂದಿತ್ತು. ಇಂಥ ದಿನದೊಳಗೆ ಇಷ್ಟು ಹಣ ಕಟ್ಟಬೇಕು, ಕೆಳಗೆ ಒಂದು ಲಿಂಕು. "ಭಾಯ್, ಇದು ನಿಜಾನಾ ನೋಡಿ. ಈ ಸಲ ಮೊದ್ಲೇ ಕೇಳ್ತಾ ಇದೀನಿ." ನಾನು ಕನ್ನಡಕ ಹಾಕಿಕೊಂಡು ನೋಡಿದೆ. ತಿರುಗಿಸಿ ನೋಡಿದೆ. ನನಗೆ ಗೊತ್ತಾಗಲಿಲ್ಲ. ಮರುದಿನ ಇಬ್ಬರೂ ಸಂಬಂಧಪಟ್ಟ ಕಚೇರಿಗೆ ಹೋದೆವು. ಒಂದು ಗಂಟೆ ಕಾದ ಮೇಲೆ ಗುಮಾಸ್ತರು ಮೊಬೈಲ್ ಕೈಗೆ ತೆಗೆದುಕೊಂಡು, ಸಂದೇಶವನ್ನು ಎರಡು ಸಲ ಓದಿ, ಪಕ್ಕದವರಿಗೂ ತೋರಿಸಿ, ವಾಪಸ್ ಕೊಟ್ಟರು.

"ನಮ್ದೇ ಇರ್ಬಹುದು ಸಾರ್," ಎಂದರು. "ಯಾವುದಕ್ಕೂ ಒಂದ್ಸಲ ಕಟ್ಬಿಡಿ."